ಕಡತ ಹಂಚುವ ತಂತ್ರಾಂಶ ಯಾವುದಿರಬೇಕು? ಮನೆಯ ಅಂತರ್ಜಾಲ ಏಕೆ ನಿಧಾನ?

ಕೆಲವು ತಿಂಗಳ ಹಿಂದೆ ಒಂದು ಭಾನುವಾರ ಧಾರವಾಡದಿಂದ ದೂರವಾಣಿ ಕರೆ ಬಂದಿತು. ಹಿಂದೆ ನಮ್ಮ ಲೋಧಿ ಕಾಲೋನಿಯಲ್ಲಿಯೇ ಎರಡು ಬ್ಲಾಕುಗಳಾಚೆ ವಾಸವಾಗಿದ್ದು, ನಿವೃತ್ತಿಯ ಬಳಿಕ ಊರಿಗೆ ಮರಳಿದ ಹಿರಿಯರೊಬ್ಬರ ಮಗಳು ಮಾತನಾಡುತ್ತಿದ್ದಳು. “ಕಾಕಾ, ಅಪ್ಪಾ ಅವರ ನಾಟಕದ ವಿಡಿಯೋ ನಿಮ್ಮ ಕಡೆ ಅದ ಅಂತ ಅಂದ್ರು. ಮುಂದಿನ ಆಯಿತವಾರ ಅವರ ಸಹಸ್ರಚಂದ್ರ ದರ್ಶನ ಶಾಂತಿ ಇಟ್ಕೊಂಡೀವಿ. ಅಷ್ಟರೊಳಗ ಕಳಸ್ಲಿಕ್ಕೆ ಆಗ್ತದೇನು?” ಆಗದೆ ಏನು, ಇಂದು ರಾತ್ರಿಯೇ ಕಳುಹಿಸುತ್ತೇನೆ ಎಂದು ಮಾತು ಕೊಟ್ಟೆ. ಆ ಮಾತನ್ನು ಉಳಿಸಿಕೊಳ್ಳಲು ನನಗೆ ಆರು ದಿನ ಹಿಡಿಯಿತು. ಆ ಆರು ದಿನಗಳಲ್ಲಿ ಕಲಿತದ್ದನ್ನೂ, ಅದಕ್ಕೆ ಮುಂಚೆ ಇಪ್ಪತ್ತು ವರ್ಷಗಳಲ್ಲಿ ತಪ್ಪಾಗಿ ತಿಳಿದಿದ್ದುದನ್ನೂ ಓದುಗ ಮಿತ್ರರ ಮುಂದಿಡುವುದು ಈ ಲೇಖನದ ಉದ್ದೇಶ. ನಾನು ತಂತ್ರಜ್ಞನಲ್ಲ. ಕಲಾ ವಿಭಾಗದಲ್ಲಿ ಪದವಿ ಪಡೆದು ಬ್ಯಾಂಕು ಸೇರಿದವನು. ಆದ್ದರಿಂದ ತಂತ್ರಜ್ಞರು ಹೇಳದೆ ಬಿಡುವ ಸಣ್ಣ ಸಂಗತಿಗಳನ್ನೂ ಹೇಳಬಲ್ಲೆನೆಂಬ ಧೈರ್ಯ ನನ್ನದು.

ಮೊದಲು ಆ ಕಡತದ ವಿಚಾರ. 2008ರ ನವೆಂಬರಿನಲ್ಲಿ ನಮ್ಮ ನೆರೆಹೊರೆಯ ಕೆಲವು ಕನ್ನಡ ಕುಟುಂಬಗಳು ಸೇರಿ, ಶಾಮಿಯಾನ ಹಾಕಿಸಿ, ಟಿ.ಪಿ. ಕೈಲಾಸಂ ಅವರ ‘ಟೊಳ್ಳುಗಟ್ಟಿ’ಯನ್ನು ಆಡಿದ್ದೆವು. ನಿರ್ದೇಶನ ಧಾರವಾಡದ ಈ ಹಿರಿಯರದು. ಕೈಲಾಸಂ ಅವರ ಇಂಗ್ಲಿಷ್ ಬೆರೆತ ಬೆಂಗಳೂರು ಕನ್ನಡವನ್ನು ಅವರು ತಮ್ಮ ಅಪ್ಪಟ ಧಾರವಾಡ ನಾಲಿಗೆಯಲ್ಲಿ ಹೇಳಿಕೊಡುತ್ತಿದ್ದುದೇ ಒಂದು ಬೇರೆ ಪ್ರಹಸನವಾಗಿತ್ತು. ಯಾರದೋ ಕೈಯಲ್ಲಿದ್ದ ಮಿನಿ ಡಿವಿ ಕ್ಯಾಮರಾದಲ್ಲಿ ಎರಡು ಕ್ಯಾಸೆಟ್ಟುಗಳಷ್ಟು ಚಿತ್ರೀಕರಣವಾಯಿತು. ಆ ಕ್ಯಾಸೆಟ್ಟುಗಳನ್ನು ಕೆಲವು ವರ್ಷಗಳ ಹಿಂದೆ ಗಣಕಕ್ಕೆ ಇಳಿಸಿಟ್ಟಿದ್ದೆ. ಈ ಮಾದರಿಯ ಚಿತ್ರೀಕರಣ ಗಂಟೆಗೆ ಸುಮಾರು 13 ಗಿಗಾಬೈಟು ಜಾಗ ನುಂಗುತ್ತದೆ. ಎರಡು ಗಂಟೆಗೆ 26 ಗಿಗಾಬೈಟು. ಅಂದು ಪಾತ್ರ ಮಾಡಿದವರಲ್ಲಿ ಇಂದು ಇಬ್ಬರಿಲ್ಲ. ಉಳಿದವರಲ್ಲಿ ಒಬ್ಬರು ಮೈಸೂರಿಗೆ ಹೋದರು, ಮಕ್ಕಳ ಪಾತ್ರ ಮಾಡಿದ ಹುಡುಗಿ ಇಂದು ನ್ಯೂಜೆರ್ಸಿಯಲ್ಲಿ ಗೃಹಿಣಿ, ಕೆಲವರು ನೋಯಿಡಾ, ಗುರುಗ್ರಾಮಗಳಿಗೆ ಚದುರಿದರು. ಚಿತ್ರದ ಪೂರ್ಣ ಪ್ರತಿ ಉಳಿದಿದ್ದುದು ನನ್ನ ಗಣಕವೊಂದರಲ್ಲಿಯೇ.

ಪೆನ್ ಡ್ರೈವಿಗೆ ಹಾಕಿ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಆ ಭಾನುವಾರದ ಮರುದಿನವೇ ಹಾಗೆ ಮಾಡಿದ್ದರೆ ತಲುಪುತ್ತಿತ್ತು. ಆದರೆ ಸೆಕೆಂಡಿಗೆ 100 ಮೆಗಾಬಿಟ್ ವೇಗದ ಸಂಪರ್ಕಕ್ಕೆ ತಿಂಗಳು ತಿಂಗಳೂ ಹಣ ಕಟ್ಟುವವನಿಗೆ ಅಂಚೆ ಕಚೇರಿ ಹೇಗೆ ನೆನಪಾದೀತು?

ನಮ್ಮ ವಯಸ್ಸಿನವರಿಗೆ ಅಂತರ್ಜಾಲದ ವೇಗದ ಕುರಿತು ಒಂದು ಹಳೆಯ ಗಾಯವಿದೆ. ದೇಶದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಮುಂದೆ ಮನೆಮನೆಗೆ ಬಂದ 56 ಕಿಲೋಬಿಟ್ಟಿನ ಮೋಡೆಮ್ಮಿನಲ್ಲಿ ಐದು ಮೆಗಾಬೈಟಿನ ಒಂದು ಹಾಡು ಇಳಿಯಲು, ಎಲ್ಲವೂ ಸರಿಯಿದ್ದರೆ, ಹನ್ನೆರಡು ನಿಮಿಷ ಬೇಕಾಗುತ್ತಿತ್ತು. ನಡುವೆ ಯಾರಾದರೂ ದೂರವಾಣಿಯ ರಿಸೀವರ್ ಎತ್ತಿದರೆ ಮೊದಲಿನಿಂದ ಶುರು. 2004ರ ಬ್ರಾಡ್‌ಬ್ಯಾಂಡ್ ನೀತಿಯು ಸೆಕೆಂಡಿಗೆ 256 ಕಿಲೋಬಿಟ್ಟನ್ನೇ ‘ಬ್ರಾಡ್‌ಬ್ಯಾಂಡ್’ ಎಂದು ಕರೆದಿತ್ತು. ಆ ವೇಗದಲ್ಲಿ ಒಂದು ಸಿ.ಡಿ.ಯಷ್ಟು, ಅಂದರೆ 700 ಮೆಗಾಬೈಟು ಇಳಿಸಲು ಆರು ಗಂಟೆಗೂ ಮಿಕ್ಕಿ ಕಾಯಬೇಕಿತ್ತು. ಕರ್ನಾಟಕದಲ್ಲಿದ್ದ ನಮ್ಮ ಬಂಧುಗಳು ಬಿಎಸ್‌ಎನ್‌ಎಲ್‌ನ ಬೆಳಗಿನ ಜಾವ ಎರಡರಿಂದ ಎಂಟರವರೆಗಿನ ಉಚಿತ ಅವಧಿಗಾಗಿ ಗಣಕವನ್ನು ರಾತ್ರಿಯಿಡೀ ಎಬ್ಬಿಸಿಟ್ಟು ತಾವು ಮಲಗುತ್ತಿದ್ದರು. 2023ರಲ್ಲಿ ಬ್ರಾಡ್‌ಬ್ಯಾಂಡಿನ ಕನಿಷ್ಠ ಮಿತಿಯನ್ನು 2 ಮೆಗಾಬಿಟ್ಟಿಗೆ ಏರಿಸಲಾಯಿತು. ನಮ್ಮ ಮನೆಗಳಿಗೆ ಬರುತ್ತಿರುವ ಗಾಜಿನ ತಂತಿ ಅದಕ್ಕಿಂತ ಐವತ್ತು, ನೂರು ಪಟ್ಟು ಹೆಚ್ಚು ವೇಗದ್ದು. ಆದರೂ “ನೆಟ್ ಬಹಳ ಸ್ಲೋ” ಎಂಬ ಮಾತು ಮಾತ್ರ ನಿಂತಿಲ್ಲ. ಅದಕ್ಕೆ ಕಾರಣ ಹೆಚ್ಚಿನ ಸಂದರ್ಭಗಳಲ್ಲಿ ತಂತ್ರಾಂಶವೂ ಅಲ್ಲ, ಕಂಪನಿಯೂ ಅಲ್ಲ ಎಂಬುದು ನನಗೆ ತಡವಾಗಿ ತಿಳಿಯಿತು.

ಭಾನುವಾರ ರಾತ್ರಿ ಗೂಗಲ್ ಡ್ರೈವಿಗೆ ಏರಿಸಲು ಕುಳಿತೆ. ಅಲ್ಲಿ ಉಚಿತವಾಗಿ ದೊರೆಯುವುದು 15 ಗಿಗಾಬೈಟು. ಅದರಲ್ಲಿ ನಮ್ಮ ಮಿಂಚಂಚೆ, ಮೊಮ್ಮಗುವಿನ ಚಿತ್ರಗಳು ಎಲ್ಲವೂ ಪಾಲುದಾರರು. ಆ ದಾರಿ ಮುಚ್ಚಿತು. ವಾಟ್ಸಾಪಿನಲ್ಲಿ 2022ರಿಂದ 2 ಗಿಗಾಬೈಟಿನವರೆಗಿನ ಕಡತ ಕಳುಹಿಸಬಹುದು. ಅದನ್ನು ‘ಡಾಕ್ಯುಮೆಂಟ್’ ಎಂದು ಕಳುಹಿಸಬೇಕೇ ಹೊರತು ‘ವಿಡಿಯೋ’ ಎಂದಲ್ಲ. ವಿಡಿಯೋ ಎಂದು ಕಳುಹಿಸಿದರೆ ಅದು ಕುಗ್ಗಿಸಿ ಕಳುಹಿಸುತ್ತದೆ, ದೊಡ್ಡ ಪರದೆಯಲ್ಲಿ ಮುಖಗಳೆಲ್ಲ ಕಲಸಿದ ಹಿಟ್ಟಿನಂತೆ ಕಾಣುತ್ತವೆ. ಸೋಮವಾರ ‘ಹ್ಯಾಂಡ್‌ಬ್ರೇಕ್’ ಎಂಬ ಉಚಿತ ತಂತ್ರಾಂಶದಿಂದ ಕಡತವನ್ನು ಕಿರಿದುಗೊಳಿಸುವ ಯೋಚನೆ ಬಂತು. ಹತ್ತನೆಯ ಒಂದು ಪಾಲಿಗೆ ಇಳಿಸಿದರೂ ಮನೆಯ ದೂರದರ್ಶನದಲ್ಲಿ ನೋಡಲು ಅಡ್ಡಿಯಿಲ್ಲದಷ್ಟು ಚೆನ್ನಾಗಿರುತ್ತದೆ, ಮತ್ತು ಬಹುಪಾಲು ಓದುಗರಿಗೆ ನಾನು ಇದನ್ನೇ ಮೊದಲ ಹೆಜ್ಜೆಯಾಗಿ ಹೇಳುತ್ತೇನೆ. ವೇಗ ಹೆಚ್ಚಿಸುವುದಕ್ಕಿಂತ ಹೊರೆ ಇಳಿಸುವುದು ಸುಲಭ. ಆದರೆ ನನ್ನ ವಿಷಯದಲ್ಲಿ ಮೂಲಪ್ರತಿ ಒಂದೇ ಇತ್ತು. ನನ್ನ ಗಣಕ ಕೆಟ್ಟರೆ ನಾಟಕವೇ ಇಲ್ಲವಾಗುತ್ತಿತ್ತು. ಮೂಲವನ್ನೇ ಇನ್ನೆರಡು ಊರುಗಳಲ್ಲಿ ಇರಿಸಬೇಕೆಂದು ತೀರ್ಮಾನಿಸಿದೆ.

ಹಾಗಾದರೆ ಒಂದು ಗಣಕದಿಂದ ಇನ್ನೊಂದಕ್ಕೆ ನೇರವಾಗಿ ಕಳುಹಿಸುವ ತಂತ್ರಾಂಶವೇ ಬೇಕು. ಇಲ್ಲಿ ‘ಟೊರೆಂಟ್’ ಎಂಬ ಶಬ್ದ ಬರುತ್ತದೆ. ಈ ಶಬ್ದ ಕೇಳಿದರೆ ಕೆಲವರು ಹುಬ್ಬೇರಿಸುತ್ತಾರೆ, ಕೆಲವರು ಕಣ್ಣು ಮಿಟುಕಿಸುತ್ತಾರೆ. ಅದು ಕೆಲಸ ಮಾಡುವ ಬಗೆ ಮಾತ್ರ ನಿಜಕ್ಕೂ ಸುಂದರವಾದುದು. 1999ರಲ್ಲಿ ಹುಟ್ಟಿ 2001ರಲ್ಲಿ ನ್ಯಾಯಾಲಯದ ಆದೇಶದಿಂದ ಮುಚ್ಚಿದ ನ್ಯಾಪ್‌ಸ್ಟರ್ ಒಬ್ಬರ ಗಣಕದಲ್ಲಿರುವ ಹಾಡನ್ನು ಇನ್ನೊಬ್ಬರಿಗೆ ತೋರಿಸುತ್ತಿತ್ತು. ಕೊಡುವವನು ಒಬ್ಬ, ಪಡೆಯುವವನು ಒಬ್ಬ. 2001ರಲ್ಲಿಯೇ ಅಮೆರಿಕದ ಬ್ರಾಮ್ ಕೋಹೆನ್ ಎಂಬ ತಂತ್ರಾಂಶಕಾರರು ರೂಪಿಸಿದ ಬಿಟ್‌ಟೊರೆಂಟ್ ಈ ಲೆಕ್ಕವನ್ನೇ ತಿರುಗಿಸಿತು.

ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಮುದ್ರಣ ನಿಂತುಹೋದ ಪಠ್ಯವೊಂದರ ಒಂದೇ ಪ್ರತಿಯಿತ್ತು, ವಿದ್ಯಾರ್ಥಿಗಳು ನಲವತ್ತು ಮಂದಿ. ಒಬ್ಬೊಬ್ಬರೂ ಪುಸ್ತಕವನ್ನು ಇಡಿಯಾಗಿ ಬರೆದುಕೊಳ್ಳಲು ನಿಂತರೆ ಪರೀಕ್ಷೆ ಮುಗಿದರೂ ಸರದಿ ಬಾರದು. ಒಬ್ಬೊಬ್ಬನು ಒಂದೊಂದು ಅಧ್ಯಾಯ ಬರೆದುಕೊಂಡು ಆಮೇಲೆ ತಮ್ಮತಮ್ಮಲ್ಲಿಯೇ ಬದಲಾಯಿಸಿಕೊಂಡರೆ ವಾರದೊಳಗೆ ಎಲ್ಲರ ಬಳಿಯೂ ಪೂರ್ಣ ಪುಸ್ತಕ. ಬಿಟ್‌ಟೊರೆಂಟ್ ಮಾಡುವುದೂ ಇಷ್ಟೇ. ಕಡತವನ್ನು ಸಣ್ಣ ಸಣ್ಣ ತುಣುಕುಗಳಾಗಿ ವಿಂಗಡಿಸುತ್ತದೆ. ಯಾವ ತುಣುಕು ಗುಂಪಿನಲ್ಲಿ ಅಪರೂಪವೋ ಅದನ್ನೇ ಮೊದಲು ತರಿಸುತ್ತದೆ. ತಾನು ಪಡೆದ ತುಣುಕನ್ನು ಪಡೆದ ಕ್ಷಣದಿಂದಲೇ ಇತರರಿಗೆ ಕೊಡತೊಡಗುತ್ತದೆ. ಪ್ರತಿಯೊಂದು ತುಣುಕಿಗೂ ಒಂದು ಗಣಿತದ ಮುದ್ರೆಯಿದ್ದು, ಮುದ್ರೆ ತಾಳೆಯಾಗದ ತುಣುಕನ್ನು ಎಸೆದು ಬೇರೆಯದನ್ನು ತರಿಸುತ್ತದೆ. ನಡುವೆ ವಿದ್ಯುತ್ತು ಹೋದರೆ ಚಿಂತೆಯಿಲ್ಲ, ನಿಂತಲ್ಲಿಂದ ಮುಂದುವರಿಯುತ್ತದೆ. ಕೊಡುವವರಿಗೇ ಹೆಚ್ಚು ಕೊಡುವುದು ಅದರ ನೀತಿ. ಪೂರ್ಣ ಪ್ರತಿಯುಳ್ಳವರನ್ನು ‘ಸೀಡ್’ ಎಂದು ಕರೆಯುತ್ತಾರೆ, ಅಂದರೆ ಬೀಜ. ಬೀಜವೇ ಇಲ್ಲದ ಕಡತವನ್ನು ನೀವು ಎಂತಹ ವೇಗದ ಸಂಪರ್ಕವಿಟ್ಟುಕೊಂಡು ಕರೆದರೂ ಅದು ಬರುವುದಿಲ್ಲ. ‘ಟೊರೆಂಟ್ ನಿಧಾನ’ ಎಂಬ ದೂರುಗಳಲ್ಲಿ ಅನೇಕವು ಇಲ್ಲಿಯೇ ಇತ್ಯರ್ಥವಾಗುತ್ತವೆ.

ಈ ವಿಧಾನವನ್ನು ಬಳಸುವ ತಂತ್ರಾಂಶಗಳು ಹಲವು. 2005ರಲ್ಲಿ ಸ್ವೀಡನ್ನಿನ ಲುಡ್ವಿಗ್ ಸ್ಟ್ರಿಗೆಯಸ್ ಬರೆದ ಮ್ಯೂಟೊರೆಂಟ್ ಒಂದು ಮೆಗಾಬೈಟಿಗೂ ಕಡಿಮೆ ಗಾತ್ರದ್ದು. ಅಂದಿನ ಬಡ ಗಣಕಗಳಿಗೆ ವರದಂತಿತ್ತು, ನನ್ನಲ್ಲೂ ಇತ್ತು. 2006ರ ಕೊನೆಯಲ್ಲಿ ಅದು ಕೈ ಬದಲಾಯಿತು. ಜಾಹೀರಾತುಗಳು ಸೇರಿದವು. 2015ರಲ್ಲಿ ಅದರ ಜೊತೆಯಲ್ಲಿ ಬಳಕೆದಾರರ ಗಣಕದ ಶಕ್ತಿಯಿಂದ ಅಂಕೀಯ ನಾಣ್ಯ ಗಳಿಸುವ ಒಂದು ತಂತ್ರಾಂಶ ಸೇರಿಬರುತ್ತಿದೆಯೆಂದು ದೊಡ್ಡ ಗದ್ದಲವಾಗಿ, ಅದನ್ನು ತೆಗೆಯಬೇಕಾಯಿತು. ಹಳೆಯ ಹೆಸರಿನ ಮೇಲಿನ ಪ್ರೀತಿಯಿಂದ ಇಂದೂ ಅದನ್ನೇ ಹುಡುಕುವವರಿದ್ದಾರೆ. ನಾನು ಸಲಹೆ ಕೊಡುವುದಿಲ್ಲ. 2006ರಿಂದ ಬೆಳೆದುಬಂದಿರುವ ಕ್ಯೂಬಿಟ್‌ಟೊರೆಂಟ್ ಮುಕ್ತ ತಂತ್ರಾಂಶ. ಜಾಹೀರಾತಿಲ್ಲ, ಹಣ ಕೇಳುವುದಿಲ್ಲ, ಅದರ ಒಳಗೇನಿದೆ ಎಂಬುದನ್ನು ಬಲ್ಲವರು ಯಾರು ಬೇಕಾದರೂ ಓದಿ ಪರೀಕ್ಷಿಸಬಹುದು. ಆಪಲ್ ಗಣಕವಿರುವವರಿಗೆ ಟ್ರಾನ್ಸ್‌ಮಿಷನ್ ಎಂಬುದು ಇನ್ನೂ ಸರಳ. ಈ ಎರಡರಾಚೆಗೆ ಹುಡುಕುವ ಅಗತ್ಯ ಗೃಹಸ್ಥರಿಗೆ ಇಲ್ಲ. ಇದಕ್ಕಿಂತ ಬೇರೆಯದು ‘ಹೆಚ್ಚು ವೇಗ’ ಕೊಡುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಎಲ್ಲವೂ ಅದೇ ನಿಯಮದಂತೆ ಅದೇ ತುಣುಕುಗಳನ್ನು ತರುವಂಥವು.

ಬ್ಯಾಂಕಿನವನಾಗಿ ಇಲ್ಲಿ ಸ್ವಲ್ಪ ನಿಂತು ಹೇಳಬೇಕಾದ ಮಾತಿದೆ. ಯಾವ ತಂತ್ರಾಂಶ ಎಂಬುದಕ್ಕಿಂತ ಎಲ್ಲಿಂದ ಪಡೆದಿರಿ ಎಂಬುದು ದೊಡ್ಡ ಪ್ರಶ್ನೆ. ಶೋಧಯಂತ್ರದಲ್ಲಿ ಹೆಸರು ಹಾಕಿದಾಗ ಮೊದಲು ಕಾಣುವುದು ಅನೇಕ ವೇಳೆ ಜಾಹೀರಾತು. ಅಲ್ಲಿಗೆ ಹೋದರೆ ಒಂದೇ ಪುಟದಲ್ಲಿ ನಾಲ್ಕು ಹಸಿರು ‘ಡೌನ್‌ಲೋಡ್’ ಗುಂಡಿಗಳು. ನಿಜವಾದುದು ಒಂದಿರಬಹುದು, ಇಲ್ಲದೆಯೂ ಇರಬಹುದು. ನಾನು ಕೌಂಟರಿನಲ್ಲಿದ್ದಾಗ ಒಬ್ಬ ನಿವೃತ್ತ ಅಧಿಕಾರಿ ಪಾಸ್‌ಬುಕ್ಕು ಹಿಡಿದು ಬಂದು, ತಾವು ಮಾಡದ ಮೂರು ವರ್ಗಾವಣೆಗಳನ್ನು ತೋರಿಸಿದರು. ಹಿಂದಿನ ವಾರ ಮೊಮ್ಮಗ ಅದೇ ಗಣಕದಲ್ಲಿ ಯಾವುದೋ ಚಲನಚಿತ್ರವನ್ನು ಇಳಿಸಿದ್ದನಂತೆ. ಚಿತ್ರ ಬರಲಿಲ್ಲ, ಬಂದ ಕಡತವನ್ನು ಒತ್ತಿದಾಗ ಪರದೆ ಒಮ್ಮೆ ಮಿನುಗಿತಂತೆ. ಅದೇ ಕಾರಣವೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಆದರೆ ಚಲನಚಿತ್ರದ ಹೆಸರು ಹೊತ್ತು ಬಂದ ಕಡತದ ಬಾಲದಲ್ಲಿ ‘ಇಎಕ್ಸ್‌ಇ’ ಎಂಬ ಮೂರಕ್ಷರಗಳಿದ್ದರೆ ಅದು ಚಲನಚಿತ್ರವಲ್ಲ, ನಿಮ್ಮ ಗಣಕದಲ್ಲಿ ಓಡಲು ಕಾದಿರುವ ತಂತ್ರಾಂಶ. ವಿಂಡೋಸ್ ಈ ಬಾಲವನ್ನು ತಾನಾಗಿಯೇ ಮುಚ್ಚಿಡುತ್ತದೆ. ಕಡತಗಳ ಕಿಟಕಿಯ ‘ವ್ಯೂ’ ಪಟ್ಟಿಗೆ ಹೋಗಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್’ ಎಂಬುದನ್ನು ಇಂದೇ ತೆರೆದಿಡಿ. ಹಣಕಾಸಿನ ವ್ಯವಹಾರದ ಗಣಕ ಬೇರೆ, ಮಕ್ಕಳ ಗಣಕ ಬೇರೆ ಇಡಲು ಸಾಧ್ಯವಾದರೆ ಉತ್ತಮ. ಅಕಸ್ಮಾತ್ ಹಣ ಹೋದರೆ ತಡಮಾಡದೆ 1930ಕ್ಕೆ ಕರೆಮಾಡಬೇಕು. ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಅಲ್ಲಿ ಮೊದಲ ಗಂಟೆಗಳಿಗೆ ಬೆಲೆಯಿದೆ.

ಮನೆಯೊಳಗೆ ಒಂದು ಸಾಧನದಿಂದ ಇನ್ನೊಂದಕ್ಕೆ ಕಡತ ದಾಟಿಸುವುದು ಬೇರೆಯ ವಿಷಯ. ಅದಕ್ಕಾಗಿ ಬಹುತೇಕ ಎಲ್ಲರ ಮೊಬೈಲಿನಲ್ಲಿಯೂ ಶೇರ್‌ಇಟ್ ಅಥವಾ ಕ್ಸೆಂಡರ್ ಇರುತ್ತಿತ್ತು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳ ಪಟ್ಟಿಯಲ್ಲಿ ಅವೆರಡೂ ಇದ್ದವು. ಹಳೆಯ ಮೊಬೈಲುಗಳಲ್ಲಿ ಅವಿನ್ನೂ ಉಳಿದಿದ್ದರೆ ತೆಗೆದುಹಾಕಿ. ಅವುಗಳ ಜಾಗಕ್ಕೆ ‘ಲೋಕಲ್‌ಸೆಂಡ್’ ಎಂಬ ಮುಕ್ತ ತಂತ್ರಾಂಶ ಬಂದಿದೆ. ವಿಂಡೋಸ್, ಆ್ಯಂಡ್ರಾಯ್ಡ್, ಆಪಲ್ ಎಲ್ಲದರಲ್ಲೂ ನಡೆಯುತ್ತದೆ. ಅಂತರ್ಜಾಲವೇ ಬೇಡ, ಒಂದೇ ವೈಫೈಯಲ್ಲಿದ್ದರೆ ಸಾಕು. ಮದುವೆ ಮನೆಯ ಚಿತ್ರಗಳನ್ನು ಹಂಚಿಕೊಳ್ಳಲು ಇದಕ್ಕಿಂತ ಸುಲಭದ್ದು ನಾನು ಕಂಡಿಲ್ಲ.

ಆದರೆ ನನ್ನ ಕೆಲಸಕ್ಕೆ ಟೊರೆಂಟ್ ಕೂಡ ಸರಿಹೊಂದಲಿಲ್ಲ. ಟೊರೆಂಟ್ ಸಾರ್ವಜನಿಕ ಸಂತೆಯಿದ್ದಂತೆ. ಅಲ್ಲಿ ಕೊಡುವವರ, ಕೊಳ್ಳುವವರ ಅಂತರ್ಜಾಲ ವಿಳಾಸಗಳು ಪರಸ್ಪರ ಕಾಣುತ್ತವೆ, ಕಡತದ ಗುರುತು ಸಿಕ್ಕಿದ ಯಾರೇ ಆದರೂ ಬಂದು ಸೇರಿಕೊಳ್ಳಬಹುದು. ನಾಲ್ಕು ಮನೆಗಳ ನಡುವಿನ ಖಾಸಗಿ ಹಂಚಿಕೆಗೆ ‘ಸಿಂಕ್‌ಥಿಂಗ್’ ಎಂಬುದು ಒಳ್ಳೆಯದೆಂದು ಓದಿ ತಿಳಿದೆ. ಇದೂ ಮುಕ್ತ, ಇದೂ ಉಚಿತ. ನಡುವೆ ಯಾವ ಕಂಪನಿಯ ಉಗ್ರಾಣದಲ್ಲೂ ಕಡತ ಉಳಿಯುವುದಿಲ್ಲ. ಪ್ರತಿಯೊಂದು ಗಣಕಕ್ಕೂ ಒಂದು ಉದ್ದನೆಯ ಗುರುತಿನ ಸಂಖ್ಯೆ ಕೊಡುತ್ತದೆ. ಎರಡೂ ಕಡೆಯವರು ಪರಸ್ಪರ ಸಂಖ್ಯೆಯನ್ನು ಒಪ್ಪಿಕೊಂಡರಷ್ಟೇ ಸಂಪರ್ಕ, ಅದೂ ಗೂಢಲಿಪಿಯಲ್ಲಿ. ಟೊರೆಂಟಿನಂತೆಯೇ ತುಣುಕು ತುಣುಕಾಗಿ ಕಳುಹಿಸುತ್ತದೆ, ನಿಂತರೆ ನಿಂತಲ್ಲಿಂದ ಮುಂದುವರಿಯುತ್ತದೆ, ಧಾರವಾಡದ ಗಣಕವನ್ನೂ ಮೈಸೂರಿನ ಗಣಕವನ್ನೂ ಪರಸ್ಪರ ಜೋಡಿಸಿದರೆ ಅವು ತಮ್ಮೊಳಗೂ ಬದಲಾಯಿಸಿಕೊಳ್ಳುತ್ತವೆ. ಎರಡು ಕೊರತೆಗಳಿವೆ. ಕೊಡುವ, ಪಡೆಯುವ ಗಣಕಗಳು ಏಕಕಾಲದಲ್ಲಿ ಎಚ್ಚರವಿರಬೇಕು. ಎರಡನೆಯದು ಅಪಾಯದ್ದು. ಇದು ಕಡತಗಳನ್ನು ಎಲ್ಲ ಕಡೆ ಒಂದೇ ಸ್ಥಿತಿಯಲ್ಲಿಡುವ ತಂತ್ರಾಂಶವಾದ್ದರಿಂದ ಮೈಸೂರಿನವರು ಜಾಗ ಸಾಲದೆಂದು ಅಳಿಸಿಬಿಟ್ಟರೆ ನನ್ನ ಗಣಕದಲ್ಲೂ ಅಳಿಸಿಹೋಗುತ್ತದೆ! ಕಳುಹಿಸುವವರು ಆ ಕಡತಕೋಶವನ್ನು ‘ಸೆಂಡ್ ಓನ್ಲಿ’ ಎಂದು ನಿಗದಿಪಡಿಸಲೇಬೇಕು. ಕಳುಹಿಸುವ ಮುನ್ನ ಮೂಲವನ್ನು ಬೇರೊಂದು ಡಿಸ್ಕಿಗೆ ನಕಲಿಸಿಟ್ಟುಕೊಳ್ಳುವುದು ಇನ್ನೂ ಕ್ಷೇಮ.

ಇಷ್ಟೆಲ್ಲ ಸಿದ್ಧಪಡಿಸಿ ಮಂಗಳವಾರ ರಾತ್ರಿ ಹಚ್ಚಿಟ್ಟು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ನೂರಕ್ಕೆ ಎಂಟು ಪಾಲು ಹೋಗಿತ್ತು. ಗಣಕ ಅರ್ಧರಾತ್ರಿಯ ನಂತರ ತಾನೂ ನಿದ್ರೆಗೆ ಜಾರಿತ್ತು. ಅದು ನನ್ನದೇ ತಪ್ಪು. ವಿದ್ಯುತ್ ಉಳಿತಾಯದ ನಿಗದಿಯಲ್ಲಿ ‘ಸ್ಲೀಪ್’ ಎಂಬುದನ್ನು ತೆಗೆದಿರಲಿಲ್ಲ. ಆದರೆ ಎಚ್ಚರವಿದ್ದಷ್ಟು ಹೊತ್ತೂ ವೇಗ ಬಡವಾಗಿಯೇ ಇತ್ತು. ಕಂಪನಿಯವರ ಗ್ರಾಹಕ ಸೇವೆಗೆ ಕರೆಮಾಡಿ, ಸಂಗೀತ ಕೇಳುತ್ತಾ ಇಪ್ಪತ್ತು ನಿಮಿಷ ಕಾದು, ಕೊನೆಗೆ ಸಿಕ್ಕವರೊಡನೆ ಏರುದನಿಯಲ್ಲಿ ಮಾತನಾಡುತ್ತಿದ್ದಾಗ ನನ್ನ ಹೆಂಡತಿ ಅಡುಗೆಮನೆಯಿಂದ ಬಂದಳು. “ರೀ, ಆ ಪೆಟ್ಟಿಗೆ ಇರೋದು ಮುಂದಿನ ವೆರಾಂಡದ ಬೀರು ಮೇಲೆ. ನೀವು ಹಿಂದಿನ ಕೋಣೇಲಿ ಬಾಗಿಲು ಹಾಕ್ಕೊಂಡು ಕೂತು ಅವರನ್ನ ಬೈತಾ ಇದ್ದೀರಿ” ಎಂದಳು.

ಲೋಧಿ ಕಾಲೋನಿಯ ಮನೆಗಳನ್ನು ನೋಡಿದವರಿಗೆ ಈ ಮಾತಿನ ಅರ್ಥ ಹೊಳೆಯುತ್ತದೆ. ಬ್ರಿಟಿಷರ ಆಡಳಿತದ ಕೊನೆಯ ವರ್ಷಗಳಲ್ಲಿ, 1940ರ ದಶಕದಲ್ಲಿ, ಸರ್ಕಾರಿ ನೌಕರರಿಗಾಗಿ ಕಟ್ಟಿದ ವಸತಿಗಳಿವು. ಎತ್ತರದ ಛಾವಣಿ, ಕಮಾನಿನ ದ್ವಾರಗಳು, ದೆಹಲಿಯ ಜೂನ್ ತಿಂಗಳನ್ನು ಹೊರಗೇ ನಿಲ್ಲಿಸುವಷ್ಟು ದಪ್ಪನೆಯ ಇಟ್ಟಿಗೆಯ ಗೋಡೆಗಳು. ಇಂದು ಖನ್ನಾ ಮಾರುಕಟ್ಟೆ, ಮೆಹರ್‌ಚಂದ್ ಮಾರುಕಟ್ಟೆಗಳ ನಡುವಿನ ಈ ಗೋಡೆಗಳ ಮೇಲಿನ ದೊಡ್ಡ ಚಿತ್ರಗಳನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಆ ಗೋಡೆಗಳು ಸೆಕೆಯನ್ನು ತಡೆಯುವಂತೆಯೇ ವೈಫೈಯನ್ನೂ ತಡೆಯುತ್ತವೆ ಎಂಬುದು ನನಗೆ ಹೊಳೆದಿರಲಿಲ್ಲ. ಜೊತೆಗೆ ರೌಟರನ್ನು ಉಕ್ಕಿನ ಬೀರುವಿನ ಮೇಲೆ, ಗೋಡೆಗೆ ತಾಗಿಸಿ ಇಟ್ಟಿದ್ದೆವು. ಲೋಹದ ಹಿಂದೆ ಅಲೆಗಳು ದಾಟುವುದು ಇನ್ನೂ ಕಷ್ಟ.

ಆಮೇಲೆ ಮೊದಲೇ ಮಾಡಬೇಕಿದ್ದ ಕೆಲಸವನ್ನು ಮಾಡಿದೆ. ಅಳೆದು ನೋಡಿದೆ. ಹಿಂದಿನ ಕೋಣೆಯಲ್ಲಿ ಇಳಿಕೆ ಸೆಕೆಂಡಿಗೆ 6 ಮೆಗಾಬಿಟ್, ಏರಿಕೆ 3. ಗಣಕವನ್ನು ವೆರಾಂಡಕ್ಕೆ ಒಯ್ದು ಹಳದಿ ಕೇಬಲ್ಲಿನಿಂದ ರೌಟರಿಗೆ ನೇರವಾಗಿ ಜೋಡಿಸಿದಾಗ ಎರಡೂ 94. ಕಂಪನಿ ತನ್ನ ಮಾತನ್ನು ಉಳಿಸಿಕೊಂಡಿತ್ತು. ಬಂದ ನೀರನ್ನೆಲ್ಲ ನಾವೇ ತೂಬಿನಲ್ಲಿ ತಡೆದಿದ್ದೆವು. 26 ಗಿಗಾಬೈಟು ಕಳುಹಿಸಲು 3 ಮೆಗಾಬಿಟ್ಟಿನಲ್ಲಿ ಹತ್ತೊಂಬತ್ತು ಗಂಟೆಗೂ ಮಿಕ್ಕಿ ಬೇಕು. 90ರಲ್ಲಿ ನಲವತ್ತು ನಿಮಿಷವೂ ಬೇಡ. ಲೆಕ್ಕ ಹಾಕುವಾಗ ಒಂದು ಗೊಂದಲವನ್ನು ನಿವಾರಿಸಿಕೊಳ್ಳಿ. ಕಂಪನಿಯವರು ವೇಗವನ್ನು ಹೇಳುವುದು ಮೆಗಾಬಿಟ್ಟಿನಲ್ಲಿ, ಗಣಕ ತೋರಿಸುವುದು ಸಾಮಾನ್ಯವಾಗಿ ಮೆಗಾಬೈಟಿನಲ್ಲಿ. ಎಂಟು ಬಿಟ್ಟಿಗೆ ಒಂದು ಬೈಟು. ಆದ್ದರಿಂದ 100ರ ಸಂಪರ್ಕದಲ್ಲಿ ಪರದೆಯ ಮೇಲೆ ಹನ್ನೆರಡು ಕಂಡರೆ ನಿಮಗೆ ಮೋಸವಾಗಿಲ್ಲ.

ಇನ್ನು ವೈಫೈಯ ವಿಚಾರ. ರೌಟರುಗಳು ಸಾಮಾನ್ಯವಾಗಿ ಎರಡು ಅಲೆಪಟ್ಟಿಗಳಲ್ಲಿ ಕೆಲಸ ಮಾಡುತ್ತವೆ. 2.4 ಗಿಗಾಹರ್ಟ್ಸಿನ ಅಲೆ ಗೋಡೆ ದಾಟುವುದರಲ್ಲಿ ಮೇಲು, ಆದರೆ ವೇಗ ಕಡಿಮೆ, ನೆರೆಮನೆಯವರ ರೌಟರುಗಳೂ ಮೈಕ್ರೋವೇವ್ ಒಲೆಯೂ ಅದೇ ದಾರಿಯಲ್ಲಿ ನುಗ್ಗುತ್ತವೆ. ನನ್ನ ಮೊಬೈಲಿನಲ್ಲಿ ನೋಡಿದಾಗ ಅಕ್ಕಪಕ್ಕದ ಇಪ್ಪತ್ತಮೂರು ವೈಫೈಗಳು ಕಂಡವು. ಅದರಲ್ಲಿ 1, 6, 11 ಎಂಬ ಮೂರು ಚಾನೆಲ್ಲುಗಳು ಮಾತ್ರ ಒಂದರ ಮೇಲೊಂದು ಬೀಳದಂಥವು. ರೌಟರಿನ ನಿಗದಿಗಳಲ್ಲಿ ಇವುಗಳಲ್ಲೊಂದನ್ನು, ಜನಸಂದಣಿ ಕಡಿಮೆ ಇರುವುದನ್ನು, ಆರಿಸಿಕೊಳ್ಳಬೇಕು. 5 ಗಿಗಾಹರ್ಟ್ಸಿನದು ವೇಗವಾದುದು, ಆದರೆ ನಮ್ಮಂಥ ಗೋಡೆಗಳ ಮುಂದೆ ಬೇಗ ಸೋಲುತ್ತದೆ. ರೌಟರ್ ಇರುವ ಕೋಣೆಯಲ್ಲಿಯೇ ಕುಳಿತು ಕೆಲಸ ಮಾಡುವವರು ಅದನ್ನೇ ಬಳಸಲಿ. ಅಗ್ಗದ ವೈಫೈ ರಿಪೀಟರ್ ಪೆಟ್ಟಿಗೆಗಳನ್ನು ಕೊಳ್ಳುವ ಮುನ್ನ ಯೋಚಿಸಿ. ಒಂದೇ ಅಲೆಪಟ್ಟಿಯಲ್ಲಿ ಕೇಳುವುದನ್ನೂ ಹೇಳುವುದನ್ನೂ ಮಾಡುವ ಪೆಟ್ಟಿಗೆ ವೇಗವನ್ನು ಹೆಚ್ಚುಕಡಿಮೆ ಅರ್ಧಕ್ಕಿಳಿಸುತ್ತದೆ. ಎಲ್ಲಕ್ಕಿಂತ ಉತ್ತಮವಾದ ಉಪಾಯ ಹಳೆಯದೇ: ಒಂದು ಉದ್ದನೆಯ ಕೇಬಲ್. ‘ಕ್ಯಾಟ್ 5ಇ’ ಎಂದು ಬರೆದಿರುವುದು ಸಾಕು. ಅದು ಸೆಕೆಂಡಿಗೆ 1000 ಮೆಗಾಬಿಟ್ಟನ್ನೂ ಹೊರಬಲ್ಲುದು. ನೆಹರು ಪ್ಲೇಸಿನಲ್ಲಿ ಬೇಕಾದ ಅಳತೆಗೆ ಕತ್ತರಿಸಿ ಎರಡು ತುದಿಗೂ ಮುಡಿ ಕಟ್ಟಿಕೊಡುತ್ತಾರೆ. ನಮ್ಮ ಮನೆ ನನ್ನ ಹೆಂಡತಿಯ ಹೆಸರಿನ ಸರ್ಕಾರಿ ವಸತಿ. ಗೋಡೆ ಕೊರೆಯುವುದು ಒತ್ತಟ್ಟಿಗಿರಲಿ, ಮೊಳೆ ಹೊಡೆಯಲೂ ಅವಳು ಬಿಡುವುದಿಲ್ಲ. ಬಾಗಿಲ ಚೌಕಟ್ಟಿನ ಅಂಚಿನಲ್ಲಿ ಟೇಪು ಅಂಟಿಸಿ ಕೇಬಲ್ಲನ್ನು ಹಿಂದಿನ ಕೋಣೆಗೆ ಒಯ್ದೆ. ಚೆಂದವಾಗಿಲ್ಲ, ಕೆಲಸ ಮಾಡುತ್ತಿದೆ.

ವೇಗ ಹೆಚ್ಚಿಸುವ ಇನ್ನೂ ಒಂದು ಸಂಗತಿ ಮೊದಲ ನೋಟಕ್ಕೆ ವಿಪರೀತವೆನಿಸುತ್ತದೆ. ಇಳಿಕೆ ಚುರುಕಾಗಬೇಕಾದರೆ ಏರಿಕೆಗೆ ಮಿತಿ ಹಾಕಬೇಕು. ಬ್ಯಾಂಕಿನ ಉದಾಹರಣೆಯನ್ನೇ ಕೊಡುತ್ತೇನೆ. ಹಣ ಕಟ್ಟಿಸಿಕೊಂಡ ಪ್ರತಿ ಸಲವೂ ರಸೀದಿ ಹೊರಗೆ ಹೋಗಬೇಕು, ರಸೀದಿ ಕೈಸೇರಿದ ಮೇಲೆಯೇ ಮುಂದಿನ ಕಂತು ಬರುತ್ತದೆ ಎಂದಿಟ್ಟುಕೊಳ್ಳಿ. ರಸೀದಿ ಹೋಗುವ ಕಿಂಡಿಯನ್ನೇ ಬೇರೆ ಕಾಗದಗಳಿಂದ ತುಂಬಿದರೆ ಹಣ ಕಟ್ಟುವ ಸಾಲು ನಿಂತುಬಿಡುತ್ತದೆ. ಅಂತರ್ಜಾಲದಲ್ಲಿ ಬಂದ ಪ್ರತಿ ಕಂತಿಗೂ ‘ತಲುಪಿತು’ ಎಂಬ ಸಣ್ಣ ರಸೀದಿ ಹಿಂದಿರುಗಬೇಕು, ಅದು ಹೋಗುವುದು ಏರಿಕೆಯ ದಾರಿಯಲ್ಲಿ. ಟೊರೆಂಟ್ ಆ ದಾರಿಯನ್ನು ಪೂರಾ ಆಕ್ರಮಿಸಿದರೆ ಇಳಿಕೆಯೂ ಕುಂಟುತ್ತದೆ, ಮನೆಯವರ ವಿಡಿಯೋ ಕರೆಯೂ ತಡವರಿಸುತ್ತದೆ. ಅಳೆದ ಏರಿಕೆಯ ನೂರಕ್ಕೆ ಎಂಬತ್ತರಷ್ಟಕ್ಕೆ ಮಿತಿ ಹಾಕಿ. ಸೊನ್ನೆಗೆ ಇಳಿಸಬೇಡಿ. ಕೊಡದವನಿಗೆ ಟೊರೆಂಟ್ ಗುಂಪಿನಲ್ಲಿ ಕೊಡುವವರೂ ಕಡಿಮೆ. ಹಳೆಯ ರೌಟರಿದ್ದರೆ ಒಟ್ಟು ಸಂಪರ್ಕಗಳ ಸಂಖ್ಯೆಯನ್ನು ನೂರು, ನೂರೈವತ್ತಕ್ಕೆ ಇಳಿಸುವುದೂ ಒಳ್ಳೆಯದು.

ಇಷ್ಟಾದರೂ ಕೆಲವರಿಗೆ ವೇಗ ಬಾರದು. ಕಾರಣ ವಿಳಾಸದ ತೊಡಕು. ಇಂದು ಅನೇಕ ಕಂಪನಿಗಳು ನೂರಾರು ಮನೆಗಳಿಗೆ ಸೇರಿ ಒಂದೇ ಬಾಹ್ಯ ವಿಳಾಸ ಕೊಡುತ್ತವೆ. ಲೋಧಿ ಕಾಲೋನಿ, ಇಂಥ ಬ್ಲಾಕ್ ಎಂದಷ್ಟೇ ಬರೆದು ಮನೆಯ ಸಂಖ್ಯೆ ಬರೆಯದ ಕಾಗದದ ಹಾಗೆ. ನೀವು ಹೊರಗೆ ಹೋಗಿ ಕಾಗದ ತರಬಹುದು, ನಿಮ್ಮನ್ನು ಹುಡುಕಿಕೊಂಡು ಯಾರೂ ಬರಲಾರರು. ರೌಟರಿನ ಪುಟದಲ್ಲಿ ಕಾಣುವ ಹೊರಗಿನ ವಿಳಾಸ 100.64 ರಿಂದ 100.127ರ ನಡುವೆ ಆರಂಭವಾಗುತ್ತಿದ್ದರೆ ನಿಮ್ಮದೂ ಇದೇ ಸ್ಥಿತಿ. ಆಗ ರೌಟರಿನಲ್ಲಿ ‘ಪೋರ್ಟ್’ ತೆರೆಯುವ ಸಾಹಸದಿಂದ ಲಾಭವಿಲ್ಲ. ಐಪಿವಿ6 ಎಂಬ ಹೊಸ ವಿಳಾಸ ಪದ್ಧತಿಯಲ್ಲಿ ಪ್ರತಿ ಸಾಧನಕ್ಕೂ ಸ್ವಂತ ವಿಳಾಸವುಂಟು. ರೌಟರಿನಲ್ಲಿ ಅದನ್ನು ಚಾಲೂ ಮಾಡಿದರೆ ಬಹಳಷ್ಟು ಸಲ ತೊಡಕು ಬಿಡುತ್ತದೆ. ಧಾರವಾಡದ ಮನೆಯಲ್ಲಿ ಹೀಗೆಯೇ ಆಯಿತು. ಮೊದಲು ಸಿಂಕ್‌ಥಿಂಗ್ ನೇರ ದಾರಿ ಸಿಗದೆ ಯಾವುದೋ ಮಧ್ಯವರ್ತಿ ಗಣಕದ ಮೂಲಕ ಬಳಸಿ ಹೋಗುತ್ತಿತ್ತು. ಆ ಹುಡುಗಿ ಫೋನಿನಲ್ಲಿ ನಾನು ಹೇಳಿದಂತೆ ಐಪಿವಿ6 ತೆರೆದ ಮೇಲೆ ದಾರಿ ನೇರವಾಯಿತು.

ಕಾನೂನಿನ ವಿಷಯವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಟೊರೆಂಟ್ ತಂತ್ರಾಂಶವನ್ನು ಬಳಸುವುದು ಅಪರಾಧವಲ್ಲ. ಏನನ್ನು ಹಂಚುತ್ತೀರಿ ಎಂಬುದು ಮುಖ್ಯ. ದೆಹಲಿಯ ಕನ್ನಡಿಗರಿಗೆ ಒಂದು ಕಾಲದಲ್ಲಿ ದೂರದರ್ಶನದ ಭಾನುವಾರ ಮಧ್ಯಾಹ್ನದ ಪ್ರಾದೇಶಿಕ ಚಿತ್ರದ ಸರದಿ ಬಿಟ್ಟರೆ ಕನ್ನಡ ಸಿನಿಮಾ ಸಿಗುತ್ತಿರಲಿಲ್ಲ. ಆ ಹಸಿವಿನಲ್ಲಿ ಅನೇಕರು ಕಳ್ಳ ಪ್ರತಿಗಳ ಮೊರೆ ಹೋದುದು ನಿಜ, ನಾನೇನೂ ಹೊರತಲ್ಲ. ಇಂದು ಆ ನೆಪವಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ 63ನೆಯ ಕಲಮಿನಂತೆ ತಿಳಿದೂ ಮಾಡಿದ ಉಲ್ಲಂಘನೆಗೆ ಆರು ತಿಂಗಳಿನಿಂದ ಮೂರು ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿಯವರೆಗೆ ದಂಡವಿದೆ. ಟೊರೆಂಟಿನಲ್ಲಿ ಪಡೆಯುವವನು ತಾನಾಗಿಯೇ ಹಂಚುವವನೂ ಆಗುತ್ತಾನೆಂಬುದನ್ನು ಮರೆಯಬಾರದು. ದೆಹಲಿ ಉಚ್ಚ ನ್ಯಾಯಾಲಯವು 2019ರ ಏಪ್ರಿಲ್‌ನಲ್ಲಿ ಇಂತಹ ಕಳ್ಳ ತಾಣಗಳು ಹೆಸರು ಬದಲಿಸಿ ಮತ್ತೆ ಬಂದರೂ ತಡೆಯಲು ಅವಕಾಶವಿರುವ ಆದೇಶ ನೀಡಿತು.

ನ್ಯಾಯವಾಗಿ ಇಳಿಸಿಕೊಳ್ಳಲು ಬೇಕಾದಷ್ಟಿದೆ. ಇಂಟರ್‌ನೆಟ್ ಆರ್ಕೈವ್ ಎಂಬ ಗ್ರಂಥಭಂಡಾರದಲ್ಲಿ ಹಳೆಯ ಕನ್ನಡ ಪುಸ್ತಕಗಳು ರಾಶಿಯಾಗಿವೆ. 2012ರಿಂದ ಅಲ್ಲಿ ಟೊರೆಂಟಿನ ಆಯ್ಕೆಯೂ ಉಂಟು. ಅಲ್ಲಿದೆ ಎಂದಮಾತ್ರಕ್ಕೆ ಎಲ್ಲವೂ ಮುಕ್ತವೆಂದಲ್ಲ. ನಮ್ಮಲ್ಲಿ ಲೇಖಕರು ತೀರಿಕೊಂಡ ವರ್ಷ ಕಳೆದು ಅರವತ್ತು ವರ್ಷಗಳವರೆಗೆ ಹಕ್ಕು ಇರುತ್ತದೆ. ಮುದ್ದಣ, ಕೆರೂರ ವಾಸುದೇವಾಚಾರ್ಯ, ಪಂಜೆ ಮಂಗೇಶರಾಯರು, ಗಳಗನಾಥರು, ಬಿ.ಎಂ. ಶ್ರೀಕಂಠಯ್ಯನವರು ಇಂದು ಎಲ್ಲರ ಸ್ವತ್ತು. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕೃತಿಗಳಿಗೆ 2041ರ ಕೊನೆಯವರೆಗೂ, 1994ರಲ್ಲಿ ತೀರಿಕೊಂಡ ಕುವೆಂಪು ಅವರ ಕೃತಿಗಳಿಗೆ 2054ರ ಕೊನೆಯವರೆಗೂ ಹಕ್ಕುದಾರರಿದ್ದಾರೆ.

ಕೈಲಾಸಂ ತೀರಿಕೊಂಡದ್ದು 1946ರಲ್ಲಿ. ಅವರ ನಾಟಕಗಳು 2007ರ ಜನವರಿ 1ರಿಂದ ಮುಕ್ತ. ಆದ್ದರಿಂದ ನಮ್ಮ 2008ರ ಪ್ರಯೋಗಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆದರೆ ಪಾತ್ರಧಾರಿಗಳಿಗೆ ತಮ್ಮ ಅಭಿನಯದ ಮೇಲೆ ಐವತ್ತು ವರ್ಷಗಳ ಹಕ್ಕು ಬೇರೆಯಾಗಿ ಇದೆ. ನಡುವೆ ಮಕ್ಕಳು ಒಂದು ಸಿನಿಮಾ ಹಾಡಿನ ಧ್ವನಿಮುದ್ರಿಕೆ ಹಾಕಿ ಕುಣಿದಿದ್ದರು. ಆ ಹಾಡು ನಮ್ಮದಲ್ಲ. ಮನೆಯವರ ನಡುವೆ ನೋಡಲು ಕಳುಹಿಸುವುದಕ್ಕೆ ಎಲ್ಲರನ್ನೂ ಫೋನು ಮಾಡಿ ಕೇಳಿದೆ. ತೀರಿಕೊಂಡ ಇಬ್ಬರ ಮನೆಯವರನ್ನೂ ಕೇಳಿದೆ. ಅವರಲ್ಲೊಬ್ಬರ ಪತ್ನಿ ನಮಗೂ ಒಂದು ಪ್ರತಿ ಕೊಡಿ ಎಂದರಷ್ಟೇ, ಮತ್ತೇನನ್ನೂ ಹೇಳಲಿಲ್ಲ. ಯೂಟ್ಯೂಬಿನಲ್ಲಿ ಹಾಕೋಣವೆಂದು ನೋಯಿಡಾದ ಗೆಳೆಯರು ಒತ್ತಾಯಿಸಿದರು. ನಾನು ಒಪ್ಪಲಿಲ್ಲ.

ಗುರುವಾರ ಕೇಬಲ್ ಎಳೆದೆ, ಶುಕ್ರವಾರ ಸಂಜೆ ಏಳಕ್ಕೆ ಧಾರವಾಡದ ಗಣಕ ಹೊತ್ತಿಕೊಂಡಿತು. ಅವರ ಇಳಿಕೆಯ ವೇಗ 40 ಮೆಗಾಬಿಟ್. ನಮ್ಮಲ್ಲಿ 94 ಇದ್ದರೂ ಎರಡರಲ್ಲಿ ಕಿರಿದಾದ ಕಾಲುವೆಯ ಅಳತೆಗೇ ನೀರು ಹರಿಯುವುದು. ನಡುವೆ ಒಮ್ಮೆ ಅಲ್ಲಿ ವಿದ್ಯುತ್ತು ಹೋಗಿ ಬಂತು. ಶನಿವಾರ ಬೆಳಿಗ್ಗೆ ಎದ್ದಾಗ ಪರದೆಯ ಮೇಲೆ ನೂರಕ್ಕೆ ನೂರು ಎಂದಿತ್ತು.

ಭಾನುವಾರ ರಾತ್ರಿ ರಾಯರೇ ಫೋನು ಮಾಡಿದರು. ನಾಟಕವನ್ನು ಎರಡು ಸಲ ನೋಡಿದರಂತೆ. “ಎಲ್ಲಾ ಛಲೋ ಬಂದದ, ಆದರ ಪ್ರಾಂಪ್ಟ್ ಮಾಡಾಂವನ ಧ್ವನಿ ಪಾತ್ರದವರಕಿಂತಾ ದೊಡ್ಡದಾಗಿ ಕೇಳಸ್ತದಲ್ಲೋ ಮಾರಾಯಾ, ಯಾರಂವಾ?” ಎಂದು ಕೇಳಿದರು. ಅದು ನಾನೇ ಎಂದು ಅವರಿಗೆ ಚೆನ್ನಾಗಿ ನೆನಪಿತ್ತು. ಮೈಸೂರಿನ ಪ್ರತಿ ಇನ್ನೂ ನೂರಕ್ಕೆ ಎಪ್ಪತ್ತೊಂದರಲ್ಲಿಯೇ ನಿಂತಿದೆ. ಅಲ್ಲಿನ ಗೆಳೆಯರು ರಾತ್ರಿ ಒಂಬತ್ತಾದರೆ ಮನೆಯ ಎಲ್ಲ ಸ್ವಿಚ್ಚುಗಳನ್ನೂ ಆರಿಸಿಯೇ ಮಲಗುವವರು.